ದೊಡ್ಡ ಪರದೆಯಲ್ಲಿ ಫುಟ್‌ಬಾಲ್ ಫೈನಲ್ ತೋರಿಸುತ್ತೀರಾ? ಸೋಲುವವರ ಲೆಕ್ಕದಲ್ಲಿ ತಯಾರಿ ಮಾಡಿ

ತುಮಕೂರಿನಲ್ಲಿ ಮೈಕ್ ಸೆಟ್, ಪ್ರೊಜೆಕ್ಟರ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಗಣೇಶನ ಹಬ್ಬ, ರಾಜ್ಯೋತ್ಸವ, ನಾಮಕರಣ, ಇವೇ ನಮ್ಮ ಹೊಟ್ಟೆಪಾಡು. ಫುಟ್‌ಬಾಲ್ ಫೈನಲ್ ಹತ್ತಿರ ಬಂತು ಅಂದರೆ ಹುಡುಗರು ಹುಡುಕಿಕೊಂಡು ಬರುತ್ತಾರೆ. "ಅಣ್ಣಾ, ದೊಡ್ಡ ಸ್ಕ್ರೀನ್ ಬೇಕು, ಸೌಂಡ್ ಜಾಸ್ತಿ ಇರಲಿ" ಅನ್ನುತ್ತಾರೆ. ಸ್ಕ್ರೀನು, ಸೌಂಡು ಎರಡೂ ಸುಲಭ. ಕಷ್ಟ ಇರುವುದು ಜನರದ್ದು. ಕೊನೆ ಗಳಿಗೆವರೆಗೂ ಎಳೆದಾಡಿದ ಫೈನಲ್ ಮುಗಿದಾಗ ಅರ್ಧ ಜನ ಕುಣಿಯುತ್ತಾರೆ, ಇನ್ನರ್ಧ ಜನ ಕುರ್ಚಿಯಿಂದ ಏಳುವುದೇ ಇಲ್ಲ. ಕುಣಿಯುವವರನ್ನು ಯಾರೂ ನೋಡಿಕೊಳ್ಳಬೇಕಾಗಿಲ್ಲ. ಅದಕ್ಕೇ ನಾನು ಪ್ರತಿಯೊಂದು ಏರ್ಪಾಟನ್ನೂ ಸೋಲುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡುತ್ತೇನೆ. ನಿಮಗೂ ಹಾಗೇ ಮಾಡಿ ಅನ್ನುತ್ತೇನೆ.

ಮೊದಲು ಹೊತ್ತಿನ ಲೆಕ್ಕ ಹಾಕಿ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫೈನಲ್ ರಾತ್ರಿ ಏಳೂವರೆಗೆ ಶುರುವಾಗುತ್ತದೆ ಅಂತ ಇಟ್ಟುಕೊಳ್ಳಿ. ನಲವತ್ತೈದು ನಿಮಿಷ, ಹದಿನೈದು ನಿಮಿಷ ಬಿಡುವು, ಮತ್ತೆ ನಲವತ್ತೈದು, ಮೇಲೆ ರೆಫ್ರಿ ಕೊಡುವ ನಿಮಿಷಗಳು. ಒಂಬತ್ತೂವರೆ ಒಳಗೆ ಮುಗಿಯಬೇಕು. ಆದರೆ ಸಮ ಆದರೆ? ಎಕ್ಸ್‌ಟ್ರಾ ಟೈಮ್ ಮೂವತ್ತು ನಿಮಿಷ. ಅಲ್ಲಿಗೆ ಹತ್ತು ಗಂಟೆ ಬಾರಿಸುತ್ತದೆ. ಆಮೇಲೆ ಪೆನಾಲ್ಟಿ ಶೂಟೌಟ್. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಅಂದರೆ ಆಟ ಅತಿ ಬಿಗಿಯಾದ ಗಳಿಗೆಯಲ್ಲೇ ನಿಮ್ಮ ಸ್ಪೀಕರ್ ಬಾಯಿ ಮುಚ್ಚಬೇಕು. ಮುಚ್ಚಿದ ಹಾಲ್, ಸಮುದಾಯ ಭವನದ ಒಳಗಾದರೆ ಈ ಹತ್ತು ಗಂಟೆಯ ತೊಂದರೆ ಇಲ್ಲ. ಬಯಲಿನಲ್ಲೇ ಮಾಡುತ್ತೀರಿ ಅಂದರೆ ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಡಿ. ಹತ್ತಕ್ಕೆ ಸೌಂಡ್ ಬಂದ್ ಅಂತ ಜನರಿಗೂ ಶುರುವಿನಲ್ಲೇ ಹೇಳಿಬಿಡಿ. ಆ ಹೊತ್ತಿಗೆ ಹೇಳಿದರೆ ಸೋಲುತ್ತಿರುವವರ ಸಿಟ್ಟೆಲ್ಲ ನಿಮ್ಮ ಮೇಲೆ ಬರುತ್ತದೆ.

ಇನ್ನೊಂದು ವಿಷಯ. ಐಎಸ್‌ಎಲ್ ಫೈನಲ್ ಹಲವು ಸಲ ಬಂದಿದ್ದು ಮಾರ್ಚ್‌ನಲ್ಲಿ. ಆಗ ಮನೆ ಮನೆಯಲ್ಲೂ ಪರೀಕ್ಷೆ. ಎಸ್ಸೆಸ್ಸೆಲ್ಸಿ ಮಗು ಓದುತ್ತಿರುವ ಮನೆ ಎದುರು ಸ್ಪೀಕರ್ ಕಟ್ಟಬೇಡಿ. ಆ ತಾಯಿ ಬಂದು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಇನ್ನು ಜಾಗ. ಒಂದೇ ಗೇಟ್ ಇರುವ ಜಾಗ ಬೇಡವೇ ಬೇಡ. ಗೆದ್ದವರು ಎಲ್ಲಿ ಕುಣಿಯುತ್ತಾರೆ ಹೇಳಿ? ಗೇಟಿನ ಹತ್ತಿರವೇ. ಬೈಕ್ ಅಲ್ಲಿರುತ್ತದೆ, ರಸ್ತೆ ಅಲ್ಲಿರುತ್ತದೆ. ಸೋತವನು ತಲೆ ತಗ್ಗಿಸಿಕೊಂಡು ಆ ಕುಣಿತದ ನಡುವೆ ನುಸುಳಿ ಮನೆಗೆ ಹೋಗಬೇಕು. ಯಾರೋ ಒಬ್ಬ ಅವನ ಜರ್ಸಿ ಎಳೆಯುತ್ತಾನೆ. ನಾನು ನೋಡಿರುವ ಜಗಳವೆಲ್ಲ ಶುರುವಾಗಿದ್ದು ಅಲ್ಲೇ, ಆಟದ ನಡುವೆ ಅಲ್ಲ. ಯಾರು ಸೋಲುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಎರಡು ದಾರಿ ಇರಲಿ, ಎರಡೂ ಕಡೆ ಬೈಕ್ ನಿಲ್ಲಿಸಲು ಜಾಗ ಇರಲಿ.

ಕೂರಿಸುವಾಗ ಎದುರುಬದುರು ಎರಡು ಗುಂಪು ಮಾಡಬೇಡಿ. ಎಡಕ್ಕೆ ಒಂದು ತಂಡದವರು, ಬಲಕ್ಕೆ ಒಂದು ತಂಡದವರು, ನಡುವೆ ಸುಮ್ನೆ ನೋಡಲು ಬಂದವರು, ಹೆಂಗಸರು, ಮಕ್ಕಳು, ಹಿರಿಯರು. ನಡುವಿನವರೇ ನಿಮ್ಮ ಕಾಂಪೌಂಡ್ ಗೋಡೆ. ನಮ್ಮೂರಿನಲ್ಲಿ ನರ್ಸಿಂಗ್, ಮೆಡಿಕಲ್ ಓದಲು ಬಂದ ಕೇರಳದ ಹುಡುಗರು ಬಹಳ ಇದ್ದಾರೆ. ಬೇಕರಿ, ಟೀ ಅಂಗಡಿಯವರೂ ಇದ್ದಾರೆ. ಫುಟ್‌ಬಾಲ್ ಅಂದರೆ ಅವರಿಗೆ ಪ್ರಾಣ. ಬೆಂಗಳೂರು ಎಫ್‌ಸಿ ಅಂದರೆ ಪ್ರಾಣ ಬಿಡುವ ನಮ್ಮ ಹುಡುಗರ ಪಕ್ಕದಲ್ಲಿ ಅವರನ್ನು ಕೂರಿಸಿದರೆ 2023ರ ಮಾರ್ಚ್ 3 ನೆನಪಾಗದೆ ಇರುವುದಿಲ್ಲ. ಅವತ್ತು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಎಕ್ಸ್‌ಟ್ರಾ ಟೈಮಿನ 96ನೇ ನಿಮಿಷಕ್ಕೆ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ, ಎದುರಾಳಿ ಸಜ್ಜಾಗುವ ಮುಂಚೆಯೇ ಫ್ರೀಕಿಕ್ ತಟ್ಟನೆ ಹೊಡೆದು ಗೋಲು ಮಾಡಿದರು. ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟೇ ಹೋಯಿತು. ಆ ಗೋಲು ಸರಿಯೋ ತಪ್ಪೋ ಅಂತ ಇವತ್ತಿಗೂ ಟೀ ಅಂಗಡಿಯಲ್ಲಿ ಮಾತು ಮುಗಿದಿಲ್ಲ.

ಈಗ ತಾಂತ್ರಿಕ ವಿಷಯ. ಬೇಗ ಹೇಳಿ ಮುಗಿಸುತ್ತೇನೆ. ಪರದೆಯ ಮೇಲೆ ಬೀದಿ ದೀಪ ಬೀಳಬಾರದು. ಬಿದ್ದರೆ ಎಷ್ಟು ದೊಡ್ಡ ಪ್ರೊಜೆಕ್ಟರ್ ತಂದರೂ ಚೆಂಡು ಕಾಣುವುದಿಲ್ಲ. ಪ್ರೊಜೆಕ್ಟರಿಗೂ ಸೆಟ್‌ಟಾಪ್ ಬಾಕ್ಸಿಗೂ ಯುಪಿಎಸ್ ಕೊಡಿ, ಬರೀ ಜನರೇಟರ್ ಸಾಲದು. ಕರೆಂಟ್ ಒಂದು ಸಲ ಕಣ್ಣು ಮಿಟುಕಿಸಿದರೂ ಬಾಕ್ಸ್ ಆಫ್ ಆಗಿ ಮತ್ತೆ ಚಾನೆಲ್ ಬರಲು ಒಂದೆರಡು ನಿಮಿಷ ಬೇಕು. 2022ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸಿನ ಎಂಬಪ್ಪೆ ಎರಡು ಗೋಲು ಹೊಡೆದಿದ್ದು 97 ಸೆಕೆಂಡಿನೊಳಗೆ. ಲೆಕ್ಕ ನೀವೇ ಹಾಕಿ.

ಆದರೆ ಸಿಗ್ನಲ್ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಿ. ಮೊಬೈಲ್ ಆಪ್‌ನಲ್ಲಿ ಬರುವ ಆಟ ಡಿಶ್‌ನಲ್ಲಿ ಬರುವುದಕ್ಕಿಂತ ಹಿಂದೆ ಇರುತ್ತದೆ, ಕೆಲವು ಸಲ ಅರ್ಧ ನಿಮಿಷದಷ್ಟು. ಆಪ್ ವಿಡಿಯೋವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಕಳಿಸುತ್ತದೆ. ನಡುವೆ ತಡೆಯದಿರಲಿ ಅಂತ ನಿಮ್ಮ ಫೋನು ಕೆಲವು ತುಂಡುಗಳನ್ನು ಮೊದಲೇ ಕೂಡಿಟ್ಟುಕೊಂಡು ತೋರಿಸುತ್ತದೆ. ಮನೆಯಲ್ಲಿ ಒಬ್ಬರೇ ನೋಡುವಾಗ ಇದರಿಂದ ನಷ್ಟ ಇಲ್ಲ. ಬೀದಿಯಲ್ಲಿ ನೂರು ಜನ ಕೂತಿರುವಾಗ, ಡಿಶ್ ಇರುವ ಪಕ್ಕದ ಮನೆಯಿಂದ "ಗೋಲ್!" ಅಂತ ಕೂಗು ಬಂದು, ನಿಮ್ಮ ಪರದೆಯಲ್ಲಿ ಆಟಗಾರ ಇನ್ನೂ ಪೆನಾಲ್ಟಿಗೆ ಚೆಂಡು ಇಡುತ್ತಿದ್ದರೆ ಏನು ಮಜ ಉಳಿಯುತ್ತದೆ? ಗೆಲ್ಲುವವರಿಗೆ ಅರ್ಧ ಮಜ ಹೋಗುತ್ತದೆ, ಅಷ್ಟೇ. ಸೋಲುವವರಿಗೆ ಗಾಯ ಮೊದಲು, ಏಟು ಆಮೇಲೆ. ಹಾಗಾಗಿ ಡಿಶ್ ಅಥವಾ ಕೇಬಲ್ ಇಟ್ಟುಕೊಳ್ಳಿ, ಆಪ್ ಕೈಮೀರಿದಾಗ ಮಾತ್ರ. ಸ್ಕೋರ್ ನೋಟಿಫಿಕೇಶನ್ ಬರುವ ಫೋನುಗಳನ್ನು ಜೇಬಲ್ಲಿ ಇಡಿಸಿ. ಟಿಕೆಟ್ ಇಟ್ಟು, ಪ್ರಾಯೋಜಕರ ಬ್ಯಾನರ್ ಕಟ್ಟಿ ತೋರಿಸುವುದಾದರೆ ಪ್ರಸಾರದ ಹಕ್ಕು ಇರುವವರ ಒಪ್ಪಿಗೆ ಬೇಕು. ಬೀದಿಯವರು ಚಂದಾ ಎತ್ತಿ ತಾವೇ ನೋಡುವುದು ಬೇರೆ, ವ್ಯಾಪಾರ ಬೇರೆ.

ನನ್ನ ಮಿಕ್ಸರ್ ಪರದೆ ಪಕ್ಕದಲ್ಲೇ ಇರುತ್ತದೆ, ಜನರ ಕಡೆ ಮುಖ ಮಾಡಿ. ಆಟಕ್ಕಿಂತ ಜಾಸ್ತಿ ನಾನು ನೋಡುವುದು ನೋಡುವವರನ್ನು. 2022ರ ಡಿಸೆಂಬರ್ 18ರ ರಾತ್ರಿ, ಅದೇ ವಿಶ್ವಕಪ್ ಫೈನಲ್, ಅರ್ಜೆಂಟೀನಾದವರು ಒಂದು ಕಡೆ, ಫ್ರಾನ್ಸಿನವರು ಒಂದು ಕಡೆ. ಫ್ರಾನ್ಸಿನವರು ಅಂದರೆ ಏನು, ಅರ್ಧ ಜನ ಬ್ರೆಜಿಲ್ ಅಭಿಮಾನಿಗಳು. ಕ್ವಾರ್ಟರ್ ಫೈನಲ್‌ನಲ್ಲಿ ಕ್ರೊವೇಷಿಯಾ ಮುಂದೆ ಬ್ರೆಜಿಲ್ ಸೋತ ಮೇಲೆ ಅವರಿಗೆ ಬೇಕಾಗಿದ್ದು ಒಂದೇ, ಅರ್ಜೆಂಟೀನಾ ಗೆಲ್ಲಬಾರದು. ಮೆಸ್ಸಿ ಒಂದು, ಡಿ ಮರಿಯ ಒಂದು, ಅರ್ಜೆಂಟೀನಾ 2-0. ಎಪ್ಪತ್ತೈದು ನಿಮಿಷ ಆಗುವ ಹೊತ್ತಿಗೆ ಕೆಲವರು ಕುರ್ಚಿ ಮಡಚುತ್ತಿದ್ದರು. ಆಮೇಲೆ 80ನೇ ನಿಮಿಷಕ್ಕೆ ಎಂಬಪ್ಪೆಯ ಪೆನಾಲ್ಟಿ ಗೋಲು, 81ಕ್ಕೆ ಇನ್ನೊಂದು ಗೋಲು. ಕುರ್ಚಿ ಮಡಚಿದ್ದವರೇ ಅದರ ಮೇಲೆ ಹತ್ತಿ ನಿಂತರು.

ಅವತ್ತು ಕಂಡ ಮುಖಗಳಲ್ಲೇ ನಿಮಗೆ ಬೇಕಾದ ಪಾಠ ಎಲ್ಲಾ ಇದೆ. ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆದ ಒಬ್ಬ ಯಜಮಾನರು ಬರುತ್ತಾರೆ. ರೆಫ್ರಿಯ ಗಡಿಯಾರವನ್ನು ಅವರು ನಂಬುವುದಿಲ್ಲ, ಕೈಯಲ್ಲಿರುವ ತಮ್ಮ ವಾಚೇ ಅವರಿಗೆ ಪ್ರಮಾಣ. ಎಂಟು ನಿಮಿಷ ಸೇರಿಸಿದಾಗ "ಯಾಕ್ರೀ ಎಂಟು? ಆರು ಸಾಕಾಗಿತ್ತು" ಅಂದರು. ಇಂಥವರಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಡಿ. ಸುತ್ತಲಿನವರು ನಕ್ಕು ಹಗುರಾಗುತ್ತಾರೆ. ಇನ್ನೊಬ್ಬ ಹುಡುಗ ಕೂತ ಜಾಗ ಬಿಟ್ಟು ಏಳುವುದಿಲ್ಲ, ಎದ್ದರೆ ಎದುರಾಳಿ ಗೋಲು ಹೊಡೆಯುತ್ತಾರೆ ಅಂತ ನಂಬಿಕೆ. ಅವನಿಗೆ ನೀರು ನೀವೇ ಕೊಡಬೇಕು. "ಅಣ್ಣಾ, ಈ ಚಾನೆಲಲ್ಲಿ ಸೋಲ್ತಾ ಇದೀವಿ, ಇಂಗ್ಲಿಷ್ ಕಾಮೆಂಟ್ರಿ ಹಾಕಿ" ಅಂತ ನನ್ನ ಹತ್ತಿರ ಓಡಿಬರುವವರು ಇರುತ್ತಾರೆ. ಹಾಕಬೇಡಿ. ಬದಲಾಯಿಸಿದ ಮೇಲೆ ಎದುರಾಳಿ ಗೋಲು ಹೊಡೆದರೆ ಅದು ನಿಮ್ಮ ಗೋಲು ಆಗಿಬಿಡುತ್ತದೆ.

ನೀವು ಕಣ್ಣಿಡಬೇಕಾಗಿದ್ದು ಕಿರುಚುವವರ ಮೇಲೆ ಅಲ್ಲ, ಮೌನವಾದವರ ಮೇಲೆ. ಮೊದಲರ್ಧ ಎಲ್ಲರಿಗಿಂತ ಜಾಸ್ತಿ ಕೂಗಿ, ಎಕ್ಸ್‌ಟ್ರಾ ಟೈಮಿನಲ್ಲಿ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾನಲ್ಲ, ಅವನ ಪಕ್ಕ ಅವನ ಸ್ನೇಹಿತನನ್ನು ಕೂರಿಸಿ. ಹಾರ್ಟ್ ಆಪರೇಷನ್ ಆದವರು, ಬಿಪಿ ಇರುವವರು ಇದ್ದರೆ ಮೊದಲೇ ತಿಳಿದುಕೊಳ್ಳಿ. ತಮಾಷೆ ಅಲ್ಲ. 2006ರ ವಿಶ್ವಕಪ್ ಸಮಯದಲ್ಲಿ ಮ್ಯೂನಿಕ್ ಕಡೆಯ ವೈದ್ಯರು ಲೆಕ್ಕ ಹಾಕಿದ್ದಾರೆ. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿ ದಿನಕ್ಕಿಂತ 2.66 ಪಟ್ಟು ಇದ್ದವು. ಅಂಥವರಿಗೆ ಗಾಳಿ ಆಡುವ ಜಾಗ, ಮಾತ್ರೆ ಜೇಬಿನಲ್ಲಿ, ಮನೆಯವರು ಪಕ್ಕದಲ್ಲಿ. ಪೆನಾಲ್ಟಿ ಶುರುವಾದಾಗ ಅವರು ಹೊರಗೆ ಹೋಗಿ ನಿಲ್ಲುತ್ತೇನೆ ಅಂದರೆ ಹೋಗಲಿ ಬಿಡಿ. ಯಾರೂ "ಹೆದರಿಕೊಂಡ್ರಾ" ಅಂತ ಕೇಳಬಾರದು.

ಪಟಾಕಿ, ಡೋಲು ಇದ್ದರೆ ಒಂದು ಕಟ್ಟುನಿಟ್ಟು ಮಾಡಿ. ಗೋಲು ಆದ ಮೇಲೆ ಚೆಂಡು ನಡುಗೆರೆಗೆ ಬಂದು ಆಟ ಮತ್ತೆ ಶುರುವಾಗುವ ತನಕ ಕೈ ಹಾಕಬಾರದು. ವಿಶ್ವಕಪ್‌ನಲ್ಲಿ ವಿಎಆರ್ ಇದೆ, ಅಂದರೆ ವಿಡಿಯೋ ನೋಡಿ ತೀರ್ಪು ತಿದ್ದುವ ಏರ್ಪಾಟು. ಕುಣಿದು ಸುಸ್ತಾದ ಮೇಲೆ ಆಫ್‌ಸೈಡ್ ಅಂತ ಗೋಲು ವಾಪಸ್ ಹೋದರೆ, ಎದುರು ಕಡೆಯವರ ನಗು ಪಟಾಕಿಗಿಂತ ಜೋರಾಗಿ ಕೇಳುತ್ತದೆ.

ಎಕ್ಸ್‌ಟ್ರಾ ಟೈಮ್ ಶುರುವಾಗುವ ಮುಂಚೆ ಐದು ನಿಮಿಷ ಸಿಗುತ್ತದೆ. ಅದನ್ನು ಸುಮ್ನೆ ಬಿಡಬೇಡಿ. ಮೈಕ್ ಹಿಡಿದು ಹೊಸಬರಿಗೆ ನಿಯಮ ಹೇಳಿ. ಹದಿನೈದು ಹದಿನೈದು ನಿಮಿಷದ ಎರಡು ಭಾಗ. ಅದರಲ್ಲೂ ಸಮ ಆದರೆ ತಲಾ ಐದು ಪೆನಾಲ್ಟಿ. ಆಗಲೂ ಸಮ ಆದರೆ ಒಂದೊಂದಾಗಿ ಹೊಡೆಯುತ್ತಾ ಹೋಗುವುದು. ಐದೈದು ಮುಗಿಯುವ ಮುಂಚೆಯೇ ಫಲಿತಾಂಶ ಬರಬಹುದು ಅನ್ನುವುದನ್ನೂ ಹೇಳಿ. ಕತಾರ್‌ನ ಆ 2022ರ ಫೈನಲ್‌ನಲ್ಲಿ ಆಗಿದ್ದು ಹಾಗೆಯೇ. ಫ್ರಾನ್ಸಿನ ಕೊಮಾನ್ ಹೊಡೆದದ್ದನ್ನು ಅರ್ಜೆಂಟೀನಾ ಗೋಲಿ ಮಾರ್ಟಿನೆಜ್ ತಡೆದರು, ಫ್ರಾನ್ಸಿನ ಶುಮೇನಿ ಹೊರಗೆ ಹೊಡೆದರು, ಅರ್ಜೆಂಟೀನಾದ ಮೊಂಟಿಯೆಲ್ ನಾಲ್ಕನೆಯದನ್ನು ಒಳಗೆ ಹಾಕಿದರು, 4-2ಕ್ಕೆ ಮುಗಿಯಿತು. ನಮ್ಮಲ್ಲಿ ಇನ್ನೂ ಒಂದು ಇದೆ ಅಂತ ಕಾಯುತ್ತಿದ್ದ ಫ್ರಾನ್ಸ್ ಕಡೆಯವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

ಬೆಂಗಳೂರು ಎಫ್‌ಸಿ ಹುಡುಗರಿಗೆ ಈ ನೋವು ಚೆನ್ನಾಗಿ ಗೊತ್ತು. 2018ರ ಐಎಸ್‌ಎಲ್ ಫೈನಲ್‌ನಲ್ಲಿ ತಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್ ಮುಂದೆ 3-2ಕ್ಕೆ ಸೋತರು. 2019ರ ಫೈನಲ್‌ನಲ್ಲಿ ಮಾತ್ರ ಗೋವಾ ಮುಂದೆ 117ನೇ ನಿಮಿಷಕ್ಕೆ ರಾಹುಲ್ ಭೆಕೆ ತಲೆಯಿಂದ ಹೊಡೆದ ಒಂದೇ ಗೋಲಿಗೆ ಗೆದ್ದರು. 2023ರ ಫೈನಲ್‌ನಲ್ಲಿ ಮೋಹನ್ ಬಾಗಾನ್ ಮುಂದೆ 2-2 ಆಗಿ ಪೆನಾಲ್ಟಿಯಲ್ಲಿ 4-3ಕ್ಕೆ ಸೋಲು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮತ್ತೆ ಅದೇ ಮೋಹನ್ ಬಾಗಾನ್, ಮುಂದಿದ್ದೂ ಎಕ್ಸ್‌ಟ್ರಾ ಟೈಮಿನಲ್ಲಿ 2-1ಕ್ಕೆ ಸೋಲು. ಮೋಹನ್ ಬಾಗಾನ್‌ನ ಮೆಕ್ಲಾರೆನ್ ಗೆಲುವಿನ ಗೋಲು ಹೊಡೆದಾಗ ನಮ್ಮ ಹುಡುಗರು ಯಾರೂ ಬೈಯಲಿಲ್ಲ. ಒಬ್ಬ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟುತ್ತಿದ್ದ, ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಆಗ "ಪರವಾಗಿಲ್ಲ ಬಿಡೋ, ಮುಂದಿನ ವರ್ಷ" ಅನ್ನಲು ಹೋಗಬೇಡಿ. ಟೀ ಕೊಡಿ. ಅದಕ್ಕೇ ಟೀ ಫ್ಲಾಸ್ಕ್ ಒಂದನ್ನು ಕೊನೆಗೆ ಅಂತ ಎತ್ತಿಡಬೇಕು. ಊಟದ ವಿಷಯ ಇಷ್ಟೇ: ಕ್ಯಾತಸಂದ್ರದಿಂದ ತಟ್ಟೆ ಇಡ್ಲಿ ತರಿಸುವುದಾದರೆ ಬಿಡುವಿನಲ್ಲಿ ಹಂಚಿ ಮುಗಿಸಿ, ಎರಡನೇ ಅರ್ಧಕ್ಕೆ ಯಾರ ಕೈಯಲ್ಲೂ ಚಟ್ನಿ ಇರಬಾರದು.

ಆಟ ಮುಗಿದ ತಕ್ಷಣ ಡಿಜೆ ಹಾಡು ಹಾಕಬೇಡಿ. ಗೆದ್ದವರು ಕೇಳಿಯೇ ಕೇಳುತ್ತಾರೆ, ಹಾಕಬೇಡಿ. ಹತ್ತು ಗಂಟೆ ಆಗಿದ್ದರೆ ನಿಯಮವೇ ನಿಮ್ಮ ಕಡೆ ಇದೆ. ಆಗಿರದಿದ್ದರೂ ಬಹುಮಾನ ಕೊಡುವುದನ್ನು ಪೂರ್ತಿ ತೋರಿಸಿ. ಅಲ್ಲಿ ಮೊದಲು ಪದಕ ಸಿಗುವುದು ಸೋತ ತಂಡಕ್ಕೆ. ಎಂಬಪ್ಪೆ ಫೈನಲ್‌ನಲ್ಲಿ ಮೂರು ಗೋಲು ಹೊಡೆದೂ ಸೋತರು, ಇಡೀ ವಿಶ್ವಕಪ್‌ನಲ್ಲಿ ಹೊಡೆದ ಎಂಟು ಗೋಲಿಗೆ ಗೋಲ್ಡನ್ ಬೂಟ್ ಬಹುಮಾನ ತೆಗೆದುಕೊಳ್ಳಲು ಬಂದಾಗ ಮುಖದಲ್ಲಿ ನಗುವೇ ಇರಲಿಲ್ಲ. ಆಗ ಅರ್ಜೆಂಟೀನಾ ಜರ್ಸಿ ಹಾಕಿದ್ದ ಟೀ ಅಂಗಡಿಯವರೇ ಎದ್ದು ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಬ್ರೆಜಿಲ್‌ನವರು ಕೂಡ. ಹಾಡು ಹಾಕಿದ್ದರೆ ಅದನ್ನು ಯಾರೂ ನೋಡುತ್ತಿರಲಿಲ್ಲ.

ಜನ ಹೋಗುವಾಗ ಸೋತ ಕಡೆಯ ಗೇಟಿನ ಹತ್ತಿರ ನಿಮ್ಮವರಲ್ಲಿ ಹಿರಿಯರೊಬ್ಬರು ನಿಂತಿರಲಿ. ಬೈಕ್ ಮೇಲೆ ಮೂರು ಜನ ಹತ್ತಿ ಬಿ.ಎಚ್. ರಸ್ತೆಗೆ ಹಾರ್ನ್ ಹೊಡೆದುಕೊಂಡು ಹೋಗುವವರನ್ನು ಇನ್ನೊಬ್ಬರು ತಡೆಯಲಿ.

ಇನ್ನು ದುಡ್ಡಿನ ಮಾತು. ಚಂದಾ, ಬಾಡಿಗೆ ಎಲ್ಲಾ ಆಟ ಶುರುವಾಗುವ ಮುಂಚೆಯೇ ಎತ್ತಿಬಿಡಿ. ಸೋತವರಲ್ಲಿ ಕೆಲವರು ಆ ಕಡೆಯ ಗೇಟಿನಿಂದ ಹೋದರೆ ಒಂದು ವಾರ ಫೋನ್ ಎತ್ತುವುದಿಲ್ಲ. ಗೆದ್ದವರು ಎತ್ತುತ್ತಾರೆ, ಆದರೆ ಅಷ್ಟರಲ್ಲಿ ಅವರ ಪಾಲಿನ ದುಡ್ಡು ಬಿರಿಯಾನಿಗೆ ಹೋಗಿರುತ್ತದೆ.