ಬಾಸ್ ಬಾಯಲ್ಲಿ ಹೇಳಿದ್ದಕ್ಕೆ ಅದೇ ದಿನ ಒಂದು ಮೇಲ್

ಬಾಸ್ ಬಾಯಲ್ಲಷ್ಟೇ ಹೇಳಿ ಆಮೇಲೆ ತಪ್ಪನ್ನು ನಿಮ್ಮ ಮೇಲೆ ಹಾಕುವವರಾದರೆ, ಅದೇ ಸಂಜೆ ಎರಡು ಸಾಲಿನ ಮೇಲ್ ಹಾಕಿ: ‘ಸರ್, ನೀವು ಮಧ್ಯಾಹ್ನ ಹೇಳಿದಂತೆ ಬಿಲ್ ಬಿಟ್ಟು ಸ್ಟಾಕ್ ಲೆಕ್ಕ ಮೊದಲು ಮುಗಿಸುತ್ತೇನೆ. ಬಿಲ್ ನಾಳೆ ಆಗುತ್ತದೆ.’ ಅಷ್ಟೇ. ಸಿಟ್ಟು, ದೂರು ಏನೂ ಬೇಡ. ‘ನಾನು ಹಾಗೆ ಹೇಳಲೇ ಇಲ್ಲ’ ಅನ್ನುವುದೇ ಇಂಥವರ ದೊಡ್ಡ ಬಲ. ತಾರೀಕು, ಹೊತ್ತು ಸಮೇತ ಬರಹದಲ್ಲಿದ್ದರೆ ಆ ಮಾತು ಜಾಸ್ತಿ ದಿನ ನಡೆಯುವುದಿಲ್ಲ. ಎಲ್ಲರೆದುರು ಬೈದದ್ದನ್ನು ಮಾತ್ರ ಮೇಲ್‌ನಲ್ಲಿ ಕೆದಕಬೇಡಿ. ಮನೆಯ ನೋಟ್‌ಬುಕ್‌ನಲ್ಲಿ ಬರೆದಿಡಿ: ಯಾವ ದಿನ, ಯಾವ ಮಾತು, ಯಾರಿದ್ದರು. ಆಫೀಸಿನ ಫೈಲುಗಳನ್ನು ಸ್ವಂತ ಮೇಲ್‌ಗೆ ಕಳಿಸಲೇಬೇಡಿ, ಸುಮ್ನೆ ಅವರಿಗೇ ನೆಪ ಕೊಟ್ಟಂತೆ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಂಥ ಕಡೆ ಮೇಲ್ ಎಲ್ಲಿಂದ? ವಾಟ್ಸಾಪ್ ಸಾಕು. ಆದರೆ ಕಾಟ ಕೊಡುವವರೇ ಮಾಲೀಕರಾದರೆ ಈ ಉಪಾಯ ಅಷ್ಟಕ್ಕಷ್ಟೇ. ಮೇಲೆ ಕೇಳುವವರೇ ಇಲ್ಲವಲ್ಲ, ಬೇರೆ ಕೆಲಸ ಹುಡುಕುವುದೇ ಒಳ್ಳೆಯದು. ಮಹಿಳೆಯರಿಗೆ ಲೈಂಗಿಕ ಕಿರುಕುಳವಾದರೆ ಮೇಲ್ ಆಟ ಬೇಡ. 2013ರ ಕಾಯ್ದೆಯಂತೆ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. 10 ಅಥವಾ ಹೆಚ್ಚು ಜನರಿರುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕದಾದರೆ, ಅಥವಾ ದೂರು ಮಾಲೀಕರ ಮೇಲೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಉಡುಪಿಯವರು ಮಣಿಪಾಲದ ರಜತಾದ್ರಿಯಲ್ಲಿರುವ ಡಿಸಿ ಆಫೀಸಿನಲ್ಲಿ, ಮಂಗಳೂರಿನವರು ಡಿಸಿ ಆಫೀಸಿನಲ್ಲಿ ವಿಚಾರಿಸಿ. ನಿದ್ದೆ, ಊಟ ಬಿಟ್ಟುಹೋಗಿದ್ದರೆ ಇದೆಲ್ಲಕ್ಕಿಂತ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.