ಸಿಪ್ಪೆ ಯಾವುದು, ಗಟ್ಟಿ ಯಾವುದು: ಆಟೋಕ್ಯಾಡ್‌ನಲ್ಲಿ ಸರ್ಫೇಸ್, ಸಾಲಿಡ್, ರೀಜನ್ ಬದಲಾಯಿಸುವುದು

ಒಮ್ಮೆ ಆಟೋಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮತ್ತು 3ಡಿ ಮಾಡೆಲ್ ಬರೆಯುವ ಸಾಫ್ಟ್‌ವೇರ್‌ನಲ್ಲಿ, ಒಂದು ಪಂಪಿನ ಮುಚ್ಚಳದ ಮಾಡೆಲ್ ಮುಗಿಸಿದ್ದೆ. ಶೇಡ್ ಹಾಕಿ ಎಲ್ಲಾ ಕಡೆಯಿಂದ ತಿರುಗಿಸಿ ನೋಡಿದೆ, ಒಂದು ಕುಂದೂ ಕಾಣಲಿಲ್ಲ. ತೂಕ ಎಷ್ಟು ಬರುತ್ತೆ ಅಂತ ಕೇಳಿದರು. ವಿಸ್ತೀರ್ಣ, ಘನಗಾತ್ರ ಲೆಕ್ಕ ಹಾಕುವ ಮಾಸ್‌ಪ್ರಾಪ್ (MASSPROP) ಕಮಾಂಡ್ ಕೊಟ್ಟರೆ ಆ ಮುಚ್ಚಳ ಲೆಕ್ಕಕ್ಕೇ ಬರಲಿಲ್ಲ. ನಾನು ಗಟ್ಟಿ ಅಂದುಕೊಂಡಿದ್ದು ಬರೀ ಸಿಪ್ಪೆಯಾಗಿತ್ತು, ಅಂದರೆ ಸರ್ಫೇಸ್. ಸಂಜೆವರೆಗೂ ಹುಡುಕಿದ ಮೇಲೆ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಸಿಕ್ಕಿತು. ಅವತ್ತಿನಿಂದ ಯಾವ ಮಾಡೆಲ್ ಕೈಗೆ ಬಂದರೂ ಮೊದಲು ಅದನ್ನು ಸೆಲೆಕ್ಟ್ ಮಾಡಿ, ಪ್ರಾಪರ್ಟೀಸ್ ಪ್ಯಾಲೆಟ್‌ನ ಮೇಲ್ತುದಿಯಲ್ಲಿ ಯಾವ ಹೆಸರಿದೆ ಅಂತ ಓದುತ್ತೇನೆ. ನೀವೂ ಅಲ್ಲಿಂದಲೇ ಶುರು ಮಾಡಿ.

ರೀಜನ್ ಅಂದರೆ ಕತ್ತರಿಸಿಟ್ಟ ಆಕಾರ ಇದ್ದ ಹಾಗೆ. ಚಪ್ಪಟೆ, ಅಂಚು ಪೂರ್ತಿ ಮುಚ್ಚಿದೆ, ದಪ್ಪ ಮಾತ್ರ ಇಲ್ಲ. ಸರ್ಫೇಸ್‌ಗೂ ದಪ್ಪ ಇಲ್ಲ, ಆದರೆ ಅದು ಬಾಗಬಹುದು, ತೆರೆದೂ ಇರಬಹುದು. ಸಾಲಿಡ್ ಒಂದಕ್ಕೇ ಘನಗಾತ್ರ ಇರುವುದು.

ಒಂದು ಪ್ಲೇಟಿನಿಂದ ಶುರು ಮಾಡೋಣ. 100 ಮಿಮೀ ಉದ್ದ, 60 ಮಿಮೀ ಅಗಲದ ಆಯತ ಬರೆಯಿರಿ. ನಡುವೆ 20 ಮಿಮೀ ವ್ಯಾಸದ ವೃತ್ತ ಹಾಕಿ. ರೀಜನ್ ಕಮಾಂಡ್ ಕೊಟ್ಟು ಎರಡನ್ನೂ ಆರಿಸಿದರೆ ಎರಡು ರೀಜನ್ ಆಗುತ್ತವೆ. ಈಗ ಒಂದರಿಂದ ಇನ್ನೊಂದನ್ನು ಕಳೆಯುವ ಸಬ್‌ಟ್ರ್ಯಾಕ್ಟ್ (SUBTRACT) ಕೊಟ್ಟು ಮೊದಲು ಆಯತ, ಎಂಟರ್, ಆಮೇಲೆ ವೃತ್ತ. ತೂತು ಬಿತ್ತು. ಮಾಸ್‌ಪ್ರಾಪ್‌ನಲ್ಲಿ ವಿಸ್ತೀರ್ಣ 5,685.84 ಚದರ ಮಿಮೀ ಬರಬೇಕು. ಇದನ್ನು 10 ಮಿಮೀ ಎಕ್ಸ್‌ಟ್ರೂಡ್ ಮಾಡಿದರೆ, ಅಂದರೆ ಮೇಲಕ್ಕೆ ಎಳೆದು ದಪ್ಪ ಕೊಟ್ಟರೆ, ತೂತಿನ ಸಮೇತ ಸಾಲಿಡ್ ರೆಡಿ.

ಇಷ್ಟು ಸುಲಭವಾಗಿ ಆಗೋದು ಅಂಚು ಸರಿಯಾಗಿ ಮುಚ್ಚಿದ್ದರೆ ಮಾತ್ರ. ಬೇರೆಯವರು ಬರೆದ ಡ್ರಾಯಿಂಗ್‌ನಲ್ಲಿ ರೀಜನ್ ಕೊಟ್ಟಾಗ ಒಂದೂ ಲೂಪ್ (ಮುಚ್ಚಿದ ಸುತ್ತು) ಸಿಗಲಿಲ್ಲ ಅಂತ ಬಂದರೆ, ಎಲ್ಲೋ ಎರಡು ಗೆರೆ ಮುಟ್ಟಿಲ್ಲ ಅಂತ ಅರ್ಥ. 0.01 ಮಿಮೀ ಬಿರುಕು ಕಣ್ಣಿಗೆ ಕಾಣಲ್ಲ. ಗೆರೆಗಳನ್ನು ಜೋಡಿಸುವ ಪಿಎಡಿಟ್ (PEDIT) ಕೊಟ್ಟು, ಮಲ್ಟಿಪಲ್ ಆರಿಸಿ, ಎಲ್ಲಾ ಗೆರೆ ಸೆಲೆಕ್ಟ್ ಮಾಡಿ, ಜಾಯಿನ್‌ಗೆ ಹೋಗಿ. ಅದು ಕೇಳುವ ಫಝ್ ದೂರಕ್ಕೆ, ಅಂದರೆ ಎಷ್ಟು ದೂರದ ತುದಿಗಳನ್ನು ಸೇರಿಸಬೇಕು ಅನ್ನುವುದಕ್ಕೆ, 0.05 ಕೊಡಿ. ಜಾಸ್ತಿ ಕೊಡಬೇಡಿ, ಬೇಡದ ತುದಿಗಳೂ ಅಂಟಿಕೊಳ್ಳುತ್ತವೆ. ಒಂದರ ಮೇಲೊಂದು ಕೂತ ಗೆರೆಗಳಿದ್ದರೆ ಅಂಥ ಹೆಚ್ಚುವರಿ ಗೆರೆ ತೆಗೆಯುವ ಓವರ್‌ಕಿಲ್ (OVERKILL) ಮೊದಲು ಓಡಿಸಿ. ಗೆರೆಗಳೆಲ್ಲ ಒಂದೇ ಸಮತಲದಲ್ಲಿವೆಯೇ ಅಂತಲೂ ನೋಡಿ. ಒಂದು ತುದಿ ಝಡ್ ದಿಕ್ಕಿನಲ್ಲಿ ಚೂರು ಮೇಲಿದ್ದರೂ ರೀಜನ್ ಆಗಲ್ಲ.

ಸರ್ಫೇಸ್‌ನಿಂದ ಸಾಲಿಡ್‌ಗೆ ಹೋಗೋದಕ್ಕೆ ಎರಡು ದಾರಿ. ತಗಡಿನಂಥ ಭಾಗ ಬೇಕಾದರೆ ಥಿಕನ್ (THICKEN) ಕೊಟ್ಟು ದಪ್ಪ ಹೇಳಿ. ತಪ್ಪು ಪಕ್ಕಕ್ಕೆ ಬೆಳೆದರೆ ಅದೇ ಸಂಖ್ಯೆಗೆ ಮೈನಸ್ ಹಾಕಿ. 3 ಮಿಮೀ ತ್ರಿಜ್ಯದ ಬಾಗು ಇರುವ ಕಡೆ ಒಳಮುಖವಾಗಿ 5 ಮಿಮೀ ಕೇಳಿದರೆ ಕೆಲಸ ಕೆಡುತ್ತದೆ, ಬಾಗು ತನ್ನೊಳಗೇ ಮಡಚಿಕೊಳ್ಳುತ್ತೆ ಅಲ್ವಾ. ಆಗ ಹೊರಮುಖವಾಗಿ ಬೆಳೆಸಿ.

ಒಳಗೆಲ್ಲ ತುಂಬಿದ ಭಾಗ ಬೇಕಾದರೆ ಸರ್ಫ್‌ಸ್ಕಲ್ಪ್ಟ್ (SURFSCULPT). ಸುತ್ತ ಮುಚ್ಚಿದ ಸರ್ಫೇಸ್‌ಗಳ ಒಳಗನ್ನು ತುಂಬಿ ಅದು ಸಾಲಿಡ್ ಮಾಡುತ್ತದೆ. ನನಗೆ ಇದು ತುಂಬಾ ಇಷ್ಟದ ಕಮಾಂಡ್. ಅರ್ಥವಾಗಬೇಕಾದರೆ ಒಂದು ಸಿಲಿಂಡರ್ ಬರೆದು ಒಡೆದು ನೋಡಿ: ತ್ರಿಜ್ಯ 20, ಎತ್ತರ 50. ಅದರ ಘನಗಾತ್ರ 62,831.85 ಘನ ಮಿಮೀ, ಬರೆದಿಟ್ಟುಕೊಳ್ಳಿ. ಒಡೆಯುವ ಕಮಾಂಡ್ ಎಕ್ಸ್‌ಪ್ಲೋಡ್ (EXPLODE) ಕೊಟ್ಟರೆ ಮೂರು ತುಂಡು ಬರುತ್ತವೆ. ಮೇಲೆ ಕೆಳಗಿನ ಚಪ್ಪಟೆ ಮುಖಗಳು ರೀಜನ್ ಆಗುತ್ತವೆ, ಸುತ್ತಲಿನ ಬಾಗಿದ ಗೋಡೆ ಸರ್ಫೇಸ್ ಆಗುತ್ತದೆ. ಈಗ ಆ ಎರಡು ರೀಜನ್‌ಗಳನ್ನು ಕನ್ವ್‌ಟುಸರ್ಫೇಸ್ (CONVTOSURFACE) ಕೊಟ್ಟು ಸರ್ಫೇಸ್ ಮಾಡಿ. ಸರ್ಫ್‌ಸ್ಕಲ್ಪ್ಟ್ ಕೊಟ್ಟು ಮೂರನ್ನೂ ಆರಿಸಿ ಎಂಟರ್ ಒತ್ತಿ. ಮತ್ತೆ ಒಂದೇ ಸಾಲಿಡ್! ಮಾಸ್‌ಪ್ರಾಪ್‌ನಲ್ಲಿ ಬರೆದಿಟ್ಟ ಸಂಖ್ಯೆಯೇ ಬರುತ್ತದೆ. ಒಂದು ಸಲ ಕೈಯಾರೆ ಮಾಡಿದರೆ ರೀಜನ್, ಸರ್ಫೇಸ್, ಸಾಲಿಡ್ ಮೂರರ ನಂಟು ಮನಸ್ಸಿನಲ್ಲಿ ಕೂತುಬಿಡುತ್ತದೆ.

ಸ್ಕಲ್ಪ್ಟ್‌ಗೆ ಹಚ್ಚುವ ಸರ್ಫೇಸ್‌ಗಳು ನೀರು ತುಂಬಿದರೂ ಸೋರದ ಹಾಗೆ ಮುಚ್ಚಿರಬೇಕು. ಅಂಚು ದಾಟಿ ಆಚೆ ಚಾಚಿಕೊಂಡಿದ್ದರೆ ಚಿಂತೆಯಿಲ್ಲ, ಹೆಚ್ಚಾದದ್ದನ್ನು ಅದೇ ಕತ್ತರಿಸಿಕೊಳ್ಳುತ್ತದೆ. ಕಡಿಮೆಯಾದರೆ ಮಾತ್ರ ಆಗಲ್ಲ. ತೆರೆದ ಬಾಯಿ ಇದ್ದರೆ ಸರ್ಫ್‌ಪ್ಯಾಚ್ (SURFPATCH) ಕೊಟ್ಟು ಆ ಅಂಚನ್ನು ಆರಿಸಿ ಮುಚ್ಚಿ. ನನ್ನ ಮುಚ್ಚಳದ ಅಂಚನ್ನೂ ಕೊನೆಗೆ ಚೂರು ಉದ್ದ ಎಳೆದು ಸ್ಕಲ್ಪ್ಟ್ ಕೊಟ್ಟಿದ್ದೆ, ಆಯಿತು.

ಸಾಲಿಡ್ ಮಾಡೋದಕ್ಕೆ ಕನ್ವ್‌ಟುಸಾಲಿಡ್ (CONVTOSOLID) ಅಂತ ಇನ್ನೊಂದಿದೆ. ಪ್ರಾಪರ್ಟೀಸ್‌ನಲ್ಲಿ ದಪ್ಪ (ಥಿಕ್‌ನೆಸ್) ಕೊಟ್ಟ ವೃತ್ತ, ಹಾಗೇ ದಪ್ಪ ಕೊಟ್ಟ ಮುಚ್ಚಿದ ಪಾಲಿಲೈನ್ (ಒಂದೇ ವಸ್ತುವಾಗಿ ಜೋಡಿಸಿದ ಗೆರೆಗಳು), ಸಂದಿಯಿಲ್ಲದ ಮೆಶ್ (ಸಣ್ಣ ಮುಖಗಳ ಬಲೆಯಂಥ ಆಕಾರ), ಇವಕ್ಕೆಲ್ಲ ಅದು ಸಾಕು. ಮೆಶ್ ಆದರೆ ಮೊದಲು ಸ್ಮೂತ್‌ಮೆಶ್‌ಕನ್ವರ್ಟ್ (SMOOTHMESHCONVERT) ಅನ್ನುವ ಸೆಟ್ಟಿಂಗ್‌ನ ಬೆಲೆ ನೋಡಿ. 0, 1 ಆದರೆ ನುಣುಪು, 2, 3 ಆದರೆ ಮುಖ ಮುಖವಾಗಿ ಬರುತ್ತದೆ.

ಸಾಲಿಡ್‌ನ ಒಂದು ಅಡ್ಡಕೊಯ್ತ ಮಾತ್ರ ಬೇಕಾದರೆ ಎಕ್ಸ್‌ಪ್ಲೋಡ್ ಬೇಡ. ಸೆಕ್ಷನ್ ಕಮಾಂಡ್ ಕೊಟ್ಟು ಸಮತಲ ತೋರಿಸಿ, ಅಲ್ಲಿ ರೀಜನ್ ಬರುತ್ತದೆ, ಸಾಲಿಡ್ ಹಾಗೇ ಉಳಿಯುತ್ತದೆ. ಸಾಲಿಡ್‌ನ ಅಂಚುಗಳ ಗೆರೆಗಳು ಮಾತ್ರ ಬೇಕಾದರೆ ಎಕ್ಸ್‌ಎಡ್ಜಸ್ (XEDGES).

ಈ ಕೆಲಸಕ್ಕೆ ಕೂರುವ ಮೊದಲು ಡೆಲ್‌ಆಬ್ಜ್ (DELOBJ) ಅಂತ ಟೈಪ್ ಮಾಡಿ 0 ಕೊಡಿ, ಮೂಲ ಆಕಾರ ಉಳಿಯುತ್ತದೆ. ಇಲ್ಲದಿದ್ದರೆ ಬದಲಾಯಿಸಿದ ಮೇಲೆ ಮೂಲ ಆಕಾರ ಅಳಿಸಿಹೋಗಬಹುದು. ನಾನು ಮೂಲವನ್ನು ಬೇರೆ ಲೇಯರ್‌ಗೆ ಹಾಕಿ, ಆ ಲೇಯರ್ ಫ್ರೀಝ್ ಮಾಡಿಟ್ಟು (ಕಾಣದ ಹಾಗೆ ಮರೆಮಾಡಿ) ಮುಂದುವರಿಯುತ್ತೇನೆ.