ಕರಾವಳಿಯ ತೇವದಲ್ಲಿ ಆರ್‌ಸಿ ಕಾರಿನ ಬಾಡಿಯ ಬಣ್ಣ

ಆರ್‌ಸಿ ಕಾರಿನ (ರಿಮೋಟ್‌ನಿಂದ ಓಡಿಸುವ ಪುಟ್ಟ ಕಾರಿನ) ಪಾರದರ್ಶಕ ಬಾಡಿ, ಅಂದರೆ ಮೇಲಿನ ಪ್ಲಾಸ್ಟಿಕ್ ಚಿಪ್ಪಿಗೆ, ಬಣ್ಣ ಹೊಡೆಯುವುದು ಒಳಮೈಗೆ. ಕಾರವಾರದ ಟ್ಯಾಗೋರ್ ಕಡಲತೀರದ ಮರಳಲ್ಲಿ ಕಾರು ಮಗುಚಿ ಉಜ್ಜಿದರೂ ಗೀರು ಬೀಳುವುದು ಹೊರಗಿನ ಪ್ಲಾಸ್ಟಿಕ್‌ಗೆ, ಬಣ್ಣಕ್ಕಲ್ಲ. ಆದರೆ ಹೊರಗೆ ಕಾಣುವುದು ಮೊದಲು ಹೊಡೆದ ಪದರವೇ. ಅಲ್ಲಾದ ತಪ್ಪನ್ನು ಆಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚಲು ಬರುವುದಿಲ್ಲ.

ಈ ಬಾಡಿಯ ಪ್ಲಾಸ್ಟಿಕ್ ಪಾಲಿಕಾರ್ಬೊನೇಟ್; ಅದಕ್ಕೆಂದೇ ಮಾಡಿದ ಬಣ್ಣ ತನ್ನಿ. ಜಪಾನಿನ ಮಾಡೆಲ್ ಕಂಪನಿ ತಮಿಯಾದಲ್ಲಾದರೆ ಪಿಎಸ್ ಸರಣಿಯ ಸ್ಪ್ರೇ ಡಬ್ಬಿ. ಅದೇ ಕಂಪನಿಯ ಟಿಎಸ್ ಡಬ್ಬಿಗಳು ಗಟ್ಟಿ ಪ್ಲಾಸ್ಟಿಕ್ ಮಾದರಿಗಳಿಗೆ. ಅವೂ, ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಸ್ಪ್ರೇಗಳೂ ಬಾಡಿ ಬಾಗಿದ ಕಡೆ ಚಕ್ಕೆಯೇಳುತ್ತವೆ.

ಬಾಡಿ ಇನ್ನೂ ಪಾರದರ್ಶಕವಾಗಿರುವಾಗಲೇ ಚಾಸಿಸ್ ಮೇಲೆ ಕೂರಿಸಿ, ಪೋಸ್ಟ್‌ಗಳ (ಬಾಡಿಯನ್ನು ಹಿಡಿದು ನಿಲ್ಲಿಸುವ ಕಂಬಗಳ) ಜಾಗವನ್ನು ಹೊರಗಿನಿಂದ ಮಾರ್ಕರ್‌ನಲ್ಲಿ ಗುರುತಿಸಿ. ತೂತು ಚಿಕ್ಕದಾಗಿ ಶುರುಮಾಡಿ ರೀಮರ್‌ನಿಂದ ಹಿಗ್ಗಿಸಿ. ಚಕ್ರದ ಕಮಾನಿಗೆ ಬಾಗಿದ ಕತ್ತರಿ ಬಳಸಿ. ನೇರ ಅಂಚುಗಳನ್ನು ಬ್ಲೇಡಿನಿಂದ ಗೀರಿ, ಬಾಗಿಸಿ ಮುರಿಯಬಹುದು. ಒಳಮೂಲೆಗಳನ್ನು ಚೌಕವಾಗಿ ಕತ್ತರಿಸಬೇಡಿ, ಮೊದಲ ಡಿಕ್ಕಿಗೇ ಬಿರುಕು ಅಲ್ಲಿಂದ ಹೊರಡುತ್ತದೆ. ಕೊನೆಗೆ ತೂತುಗಳ ಮೇಲೆ ಹೊರಗಿನಿಂದ ಟೇಪ್ ಹಚ್ಚಿ.

ಒಳಮೈಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಉಗುರುಬೆಚ್ಚಗಿನ ನೀರಲ್ಲಿ ಮೃದು ಸ್ಪಂಜಿನಿಂದ ತೊಳೆಯಿರಿ. ಕಡಲಂಚಿನ ಎಷ್ಟೋ ಬಾವಿಗಳ ನೀರು ಉಪ್ಪು, ಒಣಗಿದರೆ ಬಿಳಿ ಕಲೆ ನಿಲ್ಲುತ್ತದೆ. ಕೊನೆಯ ಸಲ ಫಿಲ್ಟರ್ ನೀರು ಹಾಕಿ. ಆಮೇಲೆ ಒಳಮೈ ಮುಟ್ಟಲೇಬೇಡಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಕಡೆ ಬೆರಳಲ್ಲಿ ಜಿಡ್ಡು ಇದ್ದೇ ಇರುತ್ತದೆ. ಅದು ತಾಗಿದಲ್ಲಿ ಬಣ್ಣ ಹಿಡಿಯದೆ ಸಣ್ಣ ಸಣ್ಣ ಕಣ್ಣು ಬಿಡುತ್ತದೆ.

ಕಿಟಕಿಗೆ ಬಣ್ಣ ತಾಗದಂತೆ ಅಂಟಿಸುವ ಮಾಸ್ಕ್ ಟೇಪ್‌ಗಳೂ ಒಳಗೇ. ಅಂಚನ್ನು ಉಗುರಿನಿಂದ ಸುತ್ತಲೂ ಒತ್ತಿ, ಬೆಳಕಿಗೆ ಹಿಡಿದು ನೋಡಿ. ಟೇಪ್‌ನಡಿ ಬೆಳ್ಳಗೆ ಕಾಣುವ ಗಾಳಿಗೆರೆ ಇದ್ದರೆ ಬಣ್ಣ ನುಗ್ಗುವುದು ಅಲ್ಲೇ. ಬಾಡಿಯ ಹೊರಮೈಗೆ ಅಂಟಿಕೊಂಡೇ ಬರುವ ರಕ್ಷಣಾ ಫಿಲ್ಮ್ ಕೊನೆಯವರೆಗೂ ಇರಲಿ.

ನಮ್ಮ ಕರಾವಳಿಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಹವೆಯಿಂದ. ಬಣ್ಣದ ಸಾಲ್ವೆಂಟ್ (ದ್ರಾವಕ) ಆವಿಯಾಗುವಾಗ ಬಾಡಿಯ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಮಬ್ಬಾಗಿ ಬಿಳಿಚಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿ ಮುಟ್ಟದಿರುವುದೇ ಲೇಸು; ಶಿರಸಿಯ ಮಳೆಗಾಲಕ್ಕೂ ಇದೇ ಮಾತು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಅದರಲ್ಲೂ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಕಡಲಗಾಳಿ ಏಳುವ ಮುಂಚೆ ಮುಗಿಸಿ.

ಡಬ್ಬಿಯನ್ನು ಕೈ ತಾಳುವಷ್ಟು ಬಿಸಿಯ ನೀರಲ್ಲಿ ಐದು ನಿಮಿಷ ನಿಲ್ಲಿಸಿ. ಕುದಿವ ನೀರು, ಒಲೆ ಬೇಡವೇ ಬೇಡ. ಚೆನ್ನಾಗಿ ಕುಲುಕಿ, 20 ಸೆಂ.ಮೀ. ದೂರದಿಂದ ಹೊಡೆಯಿರಿ. ಮೊದಲ ಕೋಟ್ ಬರೀ ಮಂಜಿನಷ್ಟು. ಅದೇ ಟೇಪಿನ ಅಂಚನ್ನು ಮುಚ್ಚುತ್ತದೆ. 10-15 ನಿಮಿಷ ಬಿಟ್ಟು ಬಿಟ್ಟು ಇನ್ನು ಮೂರೋ ನಾಲ್ಕೋ ತೆಳು ಕೋಟ್. ಅವಸರದಲ್ಲಿ ದಪ್ಪ ಹೊಡೆದರೆ ಹಸಿಬಣ್ಣ ಟೇಪಿನಡಿ ಹರಿದು ಕಿಟಕಿಯ ಗೆರೆ ಹಲ್ಲುಹಲ್ಲಾಗುತ್ತದೆ.

ಬಣ್ಣ ಒಂದಕ್ಕಿಂತ ಹೆಚ್ಚಿದ್ದರೆ ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಹಳದಿ ಹೊಡೆದು ಅದರ ಹಿಂದೆ ಕಪ್ಪು ಬಂದರೆ ಹಳದಿ ಕೊಳಕಾಗಿ ಕಾಣುತ್ತದೆ. ಫ್ಲೋರೊಸೆಂಟ್ ಬಣ್ಣಗಳಿಗೆ ಹಿಂದೆ ಬಿಳಿ ಕೊಡಲೇಬೇಕು, ಇಲ್ಲದಿದ್ದರೆ ಸಪ್ಪೆ.

ಮಾಸ್ಕ್ ಕೀಳುವ ಮುಂಚೆ ಅಂಚಿನ ಬಣ್ಣದಲ್ಲಿ ಬ್ಲೇಡ್ ಹಗುರಾಗಿ ಆಡಿಸಿ, ಟೇಪನ್ನು ಅದರ ಮೇಲೇ ಮಡಚಿಕೊಂಡು ನಿಧಾನ ಎಳೆಯಿರಿ. ಬಣ್ಣ ಪೂರ್ತಿ ಒಣಗಿದ ಮೇಲೆ ಬಂಪರ್ ಮೂಲೆಗಳಿಗೆ ಒಳಗಿನಿಂದ ಫೈಬರ್ ಮೆಶ್ ಟೇಪ್ ಇಟ್ಟು ಶೂ ಗೂ ಎಂಬ ರಬ್ಬರಿನಂಥ ಅಂಟು ಸವರಿದರೆ ಬಾಡಿ ಬಹಳ ಬಾಳುತ್ತದೆ. ಫಿಲ್ಮ್ ಸುಲಿದಾಗ ಹೊರಗೆ ಬಣ್ಣದ ಚುಕ್ಕೆ ಕಂಡರೆ ಪ್ಲಾಸ್ಟಿಕ್ ಪಾಲಿಶ್‌ನಿಂದ ಉಜ್ಜಿ. ಥಿನ್ನರ್, ಅಸಿಟೋನ್ ತಾಗಿಸಿದರೆ ಪಾಲಿಕಾರ್ಬೊನೇಟ್ ಮಬ್ಬಾಗಿ ಬಿರುಕು ಬಿಡುತ್ತದೆ, ಅದಕ್ಕೆ ರಿಪೇರಿ ಇಲ್ಲ.